ವಾರ್ಡಿನ ಭಾರ ಹೊರುವ ಹೆಗಲುಗಳು

ಆಸ್ಪತ್ರೆಯಲ್ಲಿ ದುಡಿಯುವವರ ಒತ್ತಡಕ್ಕೆ ಎರಡು ಮೂಲಗಳಿವೆ. ಅವುಗಳನ್ನು ಬೇರೆ ಬೇರೆಯಾಗಿ ಇಟ್ಟು ನೋಡದಿದ್ದರೆ ಈ ವಿಷಯದ ಚರ್ಚೆ ಬಹುಬೇಗ ದಾರಿ ತಪ್ಪುತ್ತದೆ. ಮೊದಲನೆಯದು ಕೆಲಸದ ಸ್ವಭಾವದಲ್ಲಿಯೇ ಅಡಗಿರುವಂಥದ್ದು. ನೋವು, ರಕ್ತ, ಕೊಳೆತ ಗಾಯ, ಕಣ್ಣೆದುರಿನ ಸಾವು, ಸತ್ತವರ ಮನೆಯವರಿಗೆ ಸುದ್ದಿ ಮುಟ್ಟಿಸುವ ಕಷ್ಟ, ಇವು ಯಾವ ಸುಧಾರಣೆಯಿಂದಲೂ ಇಲ್ಲವಾಗುವುದಿಲ್ಲ. ಎರಡನೆಯದು ಆ ಕೆಲಸವನ್ನು ಹಂಚುವ, ಪಾಳಿ ಹಾಕುವ, ಸಂಬಳ ಕೊಡುವ, ಆಜ್ಞೆ ಮಾಡುವ ಏರ್ಪಾಡಿನಿಂದ ಹುಟ್ಟುವಂಥದ್ದು. ಇದು ಮನುಷ್ಯರು ಕಟ್ಟಿಕೊಂಡದ್ದು, ಆದ್ದರಿಂದ ಮನುಷ್ಯರು ಬದಲಿಸಬಲ್ಲದ್ದು. ಸಾರ್ವಜನಿಕ ಮಾತುಕತೆಯಲ್ಲಿ ಮಾತ್ರ ಎರಡನೆಯದು ಮತ್ತೆ ಮತ್ತೆ ಮೊದಲನೆಯದರ ವೇಷ ತೊಟ್ಟು ಬರುತ್ತದೆ. ನರ್ಸ್ ಒಬ್ಬರು ದಣಿದು ಕುಸಿದರೆ ‘ಸೇವೆಯ ಕ್ಷೇತ್ರವೇ ಹಾಗೆ, ಸಹನೆ ಬೇಕು’ ಎಂಬ ಮಾತು ಕೂಡಲೇ ನಾಲಿಗೆಗೆ ಬರುತ್ತದೆ. ಆ ರಾತ್ರಿ ಅವರ ಪಾಲಿಗೆ ಎಷ್ಟು ಹಾಸಿಗೆಗಳಿದ್ದವು ಎಂಬ ಪ್ರಶ್ನೆ ಅಷ್ಟು ಬೇಗ ಬರುವುದಿಲ್ಲ.

ಒತ್ತಡ ಎಂಬ ಮಾತು ಮೊದಲು ವಸ್ತುಗಳಿಗೆ ಸಲ್ಲುತ್ತಿದ್ದದ್ದು. ಕಬ್ಬಿಣದ ತೊಲೆಯ ಮೇಲೆ, ಸೇತುವೆಯ ಕಂಬದ ಮೇಲೆ ಬೀಳುವ ಭಾರವನ್ನು ಕುರಿತದ್ದು. ಮಾಂಟ್ರಿಯಲ್‌ನಲ್ಲಿ ಸಂಶೋಧನೆ ನಡೆಸುತ್ತಿದ್ದ ಹಾನ್ಸ್ ಸೆಲ್ಯೆ 1936ರಲ್ಲಿ ಪ್ರಕಟಿಸಿದ ಪುಟ್ಟ ಟಿಪ್ಪಣಿಯೊಂದರಲ್ಲಿ, ಚಳಿ, ಗಾಯ, ವಿಷ, ಅತಿಶ್ರಮ ಯಾವುದೇ ಬಂದರೂ ಇಲಿಗಳ ದೇಹ ಬಹುಮಟ್ಟಿಗೆ ಒಂದೇ ಬಗೆಯಲ್ಲಿ ಪ್ರತಿಕ್ರಿಯಿಸುತ್ತದೆ ಎಂದು ತೋರಿಸಿದರು. ಆ ಪ್ರತಿಕ್ರಿಯೆಗೆ ಅವರೇ ಮುಂದೆ ಒತ್ತಡವೆಂಬ ಹೆಸರನ್ನು ರೂಢಿಗೆ ತಂದರು. ಆದರೆ ಮನುಷ್ಯ ತೊಲೆಯೂ ಅಲ್ಲ, ಇಲಿಯೂ ಅಲ್ಲ. ಮನಶ್ಶಾಸ್ತ್ರಜ್ಞರಾದ ರಿಚರ್ಡ್ ಲಾಜರಸ್ ಮತ್ತು ಸೂಸನ್ ಫೋಕ್‌ಮನ್ 1984ರ ತಮ್ಮ ಗ್ರಂಥದಲ್ಲಿ ಈ ವ್ಯತ್ಯಾಸವನ್ನೇ ಹಿಡಿದು, ಒತ್ತಡವು ಹೊರಗಿನ ಘಟನೆಯಲ್ಲಿಯೂ ಇಲ್ಲ, ವ್ಯಕ್ತಿಯ ನರಗಳಲ್ಲಿಯೂ ಇಲ್ಲ, ಅವೆರಡರ ಸಂಬಂಧದಲ್ಲಿದೆ ಎಂದು ವಾದಿಸಿದರು. ಘಟನೆ ಎದುರಾದಾಗ ಮನಸ್ಸು ಎರಡು ಪ್ರಶ್ನೆಗಳನ್ನು ಕೇಳಿಕೊಳ್ಳುತ್ತದೆ: ಇದರಿಂದ ಕೇಡಿದೆಯೇ ಎಂಬುದು ಒಂದು, ಇದನ್ನು ಎದುರಿಸಲು ಕೈಯಲ್ಲಿ ಏನಿದೆ ಎಂಬುದು ಇನ್ನೊಂದು. ಉಸಿರು ಸಿಕ್ಕಿಕೊಂಡ ಮಗುವೊಂದು ಮಧ್ಯರಾತ್ರಿ ತುರ್ತು ವಿಭಾಗಕ್ಕೆ ಬಂದಾಗ, ಪಕ್ಕದಲ್ಲಿ ಅನುಭವಿ ಅರಿವಳಿಕೆ ತಜ್ಞರಿರುವ ವೈದ್ಯರಿಗೂ ತಾಲ್ಲೂಕು ಆಸ್ಪತ್ರೆಯಲ್ಲಿ ಒಬ್ಬರೇ ಇರುವ ವೈದ್ಯರಿಗೂ ಮೊದಲ ಪ್ರಶ್ನೆಯ ಉತ್ತರ ಒಂದೇ. ಎರಡನೆಯದರ ಉತ್ತರ ಪೂರಾ ಬೇರೆ.

ಕೈಯಲ್ಲಿ ಏನಿದೆ ಎಂಬ ಆ ಪ್ರಶ್ನೆಯನ್ನು ಕಾರ್ಖಾನೆ ಕಚೇರಿಗಳ ಕೆಲಸಕ್ಕೆ ಅನ್ವಯಿಸಿದವರು ಸಮಾಜಶಾಸ್ತ್ರಜ್ಞ ರಾಬರ್ಟ್ ಕರಾಸೆಕ್. 1979ರಲ್ಲಿ ಅವರು ಮಂಡಿಸಿದ ಮಾದರಿಯ ಪ್ರಕಾರ ಕೆಲಸದ ಹೊರೆ ಹೆಚ್ಚಾದ ಮಾತ್ರಕ್ಕೆ ಆರೋಗ್ಯ ಕೆಡುವುದಿಲ್ಲ. ಹೊರೆ ಹೆಚ್ಚಾಗಿ, ಅದನ್ನು ಯಾವಾಗ, ಹೇಗೆ ಮಾಡಬೇಕೆಂದು ತೀರ್ಮಾನಿಸುವ ಹಿಡಿತ ಕಡಿಮೆಯಾದಾಗ ಕೆಡುತ್ತದೆ. ಸುಮಾರು ಹತ್ತು ವರ್ಷಗಳ ನಂತರ ಇತರ ಸಂಶೋಧಕರು ಈ ಮಾದರಿಗೆ ಮೂರನೆಯ ಅಂಶವಾಗಿ ಜೊತೆಗಾರರ ಬೆಂಬಲವನ್ನು ಸೇರಿಸಿದರು. ಆಸ್ಪತ್ರೆಯ ಮಟ್ಟಿಗೆ ಈ ವಿವರಣೆ ಬೆಳಕು ಚೆಲ್ಲುವುದು ಒಂದು ವಿಚಿತ್ರ ಸಂಗತಿಯ ಮೇಲೆ. ಹಿರಿಯ ಶಸ್ತ್ರಚಿಕಿತ್ಸಕರ ಹೊರೆ ಸಣ್ಣದಲ್ಲ, ಅವರ ಜವಾಬ್ದಾರಿಯಂತೂ ಎಲ್ಲರಿಗಿಂತ ದೊಡ್ಡದು. ಆದರೂ ಯಾವ ರೋಗಿಯನ್ನು ಮೊದಲು ಕರೆಯಬೇಕು, ರೌಂಡ್ಸ್ ಎಷ್ಟು ಗಂಟೆಗೆ ಎಂಬುದು ಅವರ ಮಾತಿನಂತೆ ನಡೆಯುತ್ತದೆ. ಅದೇ ವಾರ್ಡಿನ ಸಿಸ್ಟರ್ ಒಂದು ಕೈಯಲ್ಲಿ ಡ್ರಿಪ್ ಹಿಡಿದಿರುವಾಗ ಫೋನು ಕರೆಯುತ್ತದೆ, ರೋಗಿಯ ಅಟೆಂಡರ್ ಸೆರಗು ಹಿಡಿದಂತೆ ಹಿಂದೆ ಬರುತ್ತಾರೆ, ಕಂಪ್ಯೂಟರಿಗೆ ಏರಿಸಬೇಕಾದ ವಿವರಗಳು ಬಾಕಿ ಉಳಿದಿರುತ್ತವೆ. ಇವುಗಳಲ್ಲಿ ಯಾವುದನ್ನೂ ‘ಈಗ ಬೇಡ’ ಎನ್ನುವ ಅಧಿಕಾರ ಅವರಿಗಿಲ್ಲ. ದಣಿವಿನ ಲೆಕ್ಕವನ್ನು ಕೇವಲ ಗಂಟೆಗಳಲ್ಲಿ ಹಾಕಿದರೆ ಈ ವ್ಯತ್ಯಾಸ ಕಣ್ಣಿಗೆ ಬೀಳುವುದೇ ಇಲ್ಲ.

ಹಾಗೆಂದು ಗಂಟೆಗಳ, ತಲೆಗಳ ಲೆಕ್ಕ ನಿರುಪಯುಕ್ತವೆಂದಲ್ಲ. ಅಮೆರಿಕದ ನರ್ಸಿಂಗ್ ಸಂಶೋಧಕಿ ಲಿಂಡಾ ಏಕೆನ್ ಮತ್ತು ಸಂಗಡಿಗರು ಪೆನ್ಸಿಲ್ವೇನಿಯಾದ 168 ಆಸ್ಪತ್ರೆಗಳನ್ನು ಅಧ್ಯಯನ ಮಾಡಿ 2002ರಲ್ಲಿ ಪ್ರಕಟಿಸಿದ ವರದಿಯಲ್ಲಿ, ಒಬ್ಬ ನರ್ಸಿನ ಪಾಲಿಗೆ ಒಬ್ಬ ರೋಗಿ ಹೆಚ್ಚಾದಂತೆಲ್ಲ ಶಸ್ತ್ರಚಿಕಿತ್ಸೆಗೆ ಒಳಗಾದವರು 30 ದಿನಗಳೊಳಗೆ ಸಾಯುವ ಸಾಧ್ಯತೆ ಶೇ 7ರಷ್ಟೂ, ನರ್ಸುಗಳು ಬಳಲಿ ಬರಿದಾಗುವ ಸಾಧ್ಯತೆ ಶೇ 23ರಷ್ಟೂ ಏರುತ್ತದೆ ಎಂದು ಕಂಡುಕೊಂಡರು. ಸಿಬ್ಬಂದಿಯ ನೆಮ್ಮದಿ ಬೇರೆ, ರೋಗಿಯ ಜೀವ ಬೇರೆ ಎಂದು ಎಣಿಸುವುದು ತಪ್ಪೆಂದು ಈ ಒಂದು ಅಧ್ಯಯನವೇ ಸಾರುತ್ತದೆ. ಭಾರತೀಯ ನರ್ಸಿಂಗ್ ಪರಿಷತ್ತಿನ ಮಾನದಂಡವು ಬೋಧಕ ಆಸ್ಪತ್ರೆಗಳ ಸಾಮಾನ್ಯ ವಾರ್ಡಿನಲ್ಲಿ ಮೂರು ಹಾಸಿಗೆಗಳಿಗೆ, ಇತರ ಸಾಮಾನ್ಯ ಆಸ್ಪತ್ರೆಗಳಲ್ಲಿ ಐದು ಹಾಸಿಗೆಗಳಿಗೆ ಒಬ್ಬ ನರ್ಸ್ ಇರಬೇಕೆಂದೂ, ರಜೆಯ ದಿನಗಳನ್ನು ತುಂಬಲು ಶೇ 30ರಷ್ಟು ಹೆಚ್ಚುವರಿ ಸಿಬ್ಬಂದಿ ಬೇಕೆಂದೂ ಹೇಳುತ್ತದೆ. ಆಸ್ಪತ್ರೆಯ ಮೆಟ್ಟಿಲು ಹತ್ತಿದ ಯಾವ ಓದುಗರೂ ಈ ಅಂಕಿಗಳನ್ನು ತಾವು ಕಂಡ ವಾರ್ಡಿನೊಂದಿಗೆ ಹೋಲಿಸಿಕೊಳ್ಳಬಹುದು. ಈ ಶೇ 30ರ ಮಾತನ್ನು ಯಾರೂ ಹೆಚ್ಚಾಗಿ ಎತ್ತುವುದಿಲ್ಲ, ಆದರೆ ಸಿಬ್ಬಂದಿಯ ನಡುವಿನ ಸ್ನೇಹ ಮುರಿಯುವುದು ಬಹುಪಾಲು ಅಲ್ಲಿಯೇ: ಒಬ್ಬರು ಮಗುವಿನ ಜ್ವರಕ್ಕೆ ರಜೆ ಹಾಕಿದರೆ ಇನ್ನೊಬ್ಬರು ಸತತ ಎರಡು ಪಾಳಿ ನಿಲ್ಲಬೇಕಾಗುತ್ತದೆ, ಮತ್ತು ಏರ್ಪಾಡಿನ ಕೊರತೆ ಇಬ್ಬರು ಗೆಳತಿಯರ ಜಗಳವಾಗಿ ಮಾರ್ಪಡುತ್ತದೆ.

ಕಿರಿಯ ವೈದ್ಯರ ಪಾಲಿಗೆ ಸಮಸ್ಯೆಯ ಹೆಸರು ನಿದ್ರೆ. 1984ರಲ್ಲಿ ನ್ಯೂಯಾರ್ಕಿನ ಆಸ್ಪತ್ರೆಯೊಂದರಲ್ಲಿ 18 ವರ್ಷದ ಯುವತಿಯೊಬ್ಬಳು, ಅತಿಯಾದ ಹೊರೆ ಹೊತ್ತಿದ್ದ ತರಬೇತಿ ವೈದ್ಯರ ಆರೈಕೆಯಲ್ಲಿ ಮೃತಪಟ್ಟ ಪ್ರಕರಣವು ದೊಡ್ಡ ವಿವಾದವಾಗಿ, 1989ರಲ್ಲಿ ಆ ರಾಜ್ಯವು ತರಬೇತಿ ವೈದ್ಯರ ಕೆಲಸವನ್ನು ವಾರಕ್ಕೆ 80 ಗಂಟೆಗಳಿಗೆ ಮಿತಿಗೊಳಿಸಿತು. 2003ರಲ್ಲಿ ಆ ಮಿತಿ ಅಮೆರಿಕದಾದ್ಯಂತ ಜಾರಿಗೆ ಬಂತು. 80 ಗಂಟೆಗಳನ್ನು ಸುಧಾರಣೆಯೆಂದು ಕರೆಯಬೇಕಾಗಿ ಬಂದದ್ದೇ ಆ ವೃತ್ತಿಯ ಹಿಂದಿನ ಸ್ಥಿತಿಯನ್ನು ಹೇಳುತ್ತದೆ. ತೀವ್ರ ನಿಗಾ ಘಟಕಗಳಲ್ಲಿ ನಡೆದು 2004ರಲ್ಲಿ ಪ್ರಕಟವಾದ ಒಂದು ಪ್ರಯೋಗವು, ಹಳೆಯ ಪದ್ಧತಿಯಂತೆ 24 ಗಂಟೆಗೂ ಹೆಚ್ಚು ಕಾಲ ಎಡೆಬಿಡದೆ ಕೆಲಸ ಮಾಡುವ ಇಂಟರ್ನ್‌ಗಳು ಗಂಭೀರ ತಪ್ಪುಗಳನ್ನು ಶೇ 36ರಷ್ಟು ಹೆಚ್ಚಾಗಿ ಮಾಡುತ್ತಾರೆ ಎಂದು ತೋರಿಸಿತು. ಭಾರತದಲ್ಲಿ ಕೇಂದ್ರ ಸರ್ಕಾರದ 1992ರ ರೆಸಿಡೆನ್ಸಿ ಯೋಜನೆಯು ದಿನಕ್ಕೆ 12 ಗಂಟೆ, ವಾರಕ್ಕೆ 48 ಗಂಟೆ ಎಂದು ಬರೆದಿಟ್ಟಿದೆ. 32 ವರ್ಷಗಳ ಬಳಿಕ, 2024ರಲ್ಲಿ, ರಾಷ್ಟ್ರೀಯ ವೈದ್ಯಕೀಯ ಆಯೋಗದ ಕಾರ್ಯಪಡೆಯು ವಾರಕ್ಕೆ 74 ಗಂಟೆ ಮೀರದಿರಲಿ ಎಂದು ಶಿಫಾರಸು ಮಾಡಿತು. ಮಿತಿಯೊಂದು ಕಾಗದದ ಮೇಲೆ ಇದ್ದುಕೊಂಡೇ ಅದಕ್ಕಿಂತ ಸಡಿಲವಾದ ಮಿತಿಯನ್ನು ಹೊಸದಾಗಿ ಬೇಡಬೇಕಾಗಿ ಬಂದಿತೆಂಬುದು ಟಿಪ್ಪಣಿಯ ಅಗತ್ಯವಿಲ್ಲದ ಸಂಗತಿ.

ಇಂತಹ ಒತ್ತಡ ತಿಂಗಳು, ವರ್ಷಗಳ ಕಾಲ ಮುಂದುವರಿದಾಗ ಉಂಟಾಗುವ ಸ್ಥಿತಿಯನ್ನು ಬರ್ನ್‌ಔಟ್ ಎನ್ನುತ್ತಾರೆ. ಎಣ್ಣೆ ತೀರಿದ ದೀಪ ಕೊನೆಗೆ ಬತ್ತಿಯನ್ನೇ ಸುಟ್ಟುಕೊಳ್ಳುವುದಕ್ಕೆ ಅದನ್ನು ಹೋಲಿಸಬಹುದು. ನ್ಯೂಯಾರ್ಕಿನ ಉಚಿತ ಚಿಕಿತ್ಸಾಲಯದಲ್ಲಿ ದುಡಿಯುತ್ತಿದ್ದ ಮನಶ್ಶಾಸ್ತ್ರಜ್ಞ ಹರ್ಬರ್ಟ್ ಫ್ರಾಯ್ಡನ್‌ಬರ್ಗರ್ 1974ರಲ್ಲಿ ಈ ಪದವನ್ನು ಬಳಸಿ ಬರೆದರು. ಅತ್ಯಂತ ಉತ್ಸಾಹದಿಂದ ಬಂದ ಸ್ವಯಂಸೇವಕರೇ ಮೊದಲು ಬರಿದಾಗುವುದನ್ನು ಅವರು ಗಮನಿಸಿದ್ದರು. ಕ್ರಿಸ್ಟೀನಾ ಮ್ಯಾಸ್ಲಾಕ್ ಮತ್ತು ಸೂಸನ್ ಜಾಕ್ಸನ್ 1981ರಲ್ಲಿ ಇದನ್ನು ಅಳೆಯುವ ಪ್ರಶ್ನಾವಳಿಯನ್ನು ರೂಪಿಸಿ ಮೂರು ಲಕ್ಷಣಗಳನ್ನು ಗುರುತಿಸಿದರು: ಭಾವನೆಗಳು ಬತ್ತಿಹೋಗುವುದು, ಎದುರಿನ ರೋಗಿ ಮನುಷ್ಯನಾಗಿ ಕಾಣದೆ ‘ಕೇಸ್’ ಆಗಿ ಕಾಣುವುದು, ತಾನು ಮಾಡುವ ಕೆಲಸದಿಂದ ಏನೂ ಪ್ರಯೋಜನವಿಲ್ಲ ಅನ್ನಿಸುವುದು. ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ ಅಂಗೀಕರಿಸಿದ ರೋಗಗಳ ವರ್ಗೀಕರಣದಲ್ಲಿ ಬರ್ನ್‌ಔಟ್ ಅನ್ನು ಸೇರಿಸಿತಾದರೂ ಅದನ್ನು ಕಾಯಿಲೆಯೆಂದು ಕರೆಯದೆ, ಸರಿಯಾಗಿ ನಿರ್ವಹಿಸದ ಕೆಲಸದ ಒತ್ತಡದಿಂದ ಉಂಟಾಗುವ ವೃತ್ತಿಸಂಬಂಧಿ ವಿದ್ಯಮಾನವೆಂದು ಕರೆಯಿತು. ಪದಗಳ ಈ ಆಯ್ಕೆ ಸಣ್ಣದಲ್ಲ. ಕಾಯಿಲೆಯಾದರೆ ಔಷಧ ಬೇಕಾದದ್ದು ನೌಕರರಿಗೆ. ವೃತ್ತಿಯ ವಿದ್ಯಮಾನವಾದರೆ ಬೇಕಾದದ್ದು ಕೆಲಸದ ಜಾಗಕ್ಕೆ.

ರೋಗಿಯನ್ನು ‘ಕೇಸ್’ ಆಗಿ ನೋಡುವ ಅಭ್ಯಾಸ ದಣಿದ ವ್ಯಕ್ತಿಯೊಬ್ಬರ ದೌರ್ಬಲ್ಯವಷ್ಟೇ ಅಲ್ಲ, ಅದನ್ನು ಆಸ್ಪತ್ರೆಯೇ ಕಲಿಸಿಕೊಡುತ್ತದೆ ಎಂಬ ವಾದವನ್ನು ಬಹಳ ಹಿಂದೆಯೇ ಮುಂದಿಟ್ಟವರು ಲಂಡನ್ನಿನ ಟ್ಯಾವಿಸ್ಟಾಕ್ ಸಂಸ್ಥೆಯ ಇಸಾಬೆಲ್ ಮೆನ್ಜಿಸ್. ಬೋಧಕ ಆಸ್ಪತ್ರೆಯೊಂದರ ನರ್ಸಿಂಗ್ ವಿಭಾಗವನ್ನು ಹತ್ತಿರದಿಂದ ನೋಡಿ 1960ರಲ್ಲಿ ಅವರು ಪ್ರಕಟಿಸಿದ ಬರಹ ಈ ಕ್ಷೇತ್ರದಲ್ಲಿ ಇಂದಿಗೂ ಅತ್ಯಂತ ಚುರುಕಾದದ್ದು. ಅಲ್ಲಿ ವಾರ್ಡಿನ ಹೆಚ್ಚಿನ ಕೆಲಸವನ್ನು ವಿದ್ಯಾರ್ಥಿನಿಯರೇ ಮಾಡುತ್ತಿದ್ದರು, ಮತ್ತು ಅವರಲ್ಲಿ ಸುಮಾರು ಮೂರನೆಯ ಒಂದು ಭಾಗದಷ್ಟು ಮಂದಿ ತರಬೇತಿ ಮುಗಿಸದೆ ಬಿಟ್ಟುಹೋಗುತ್ತಿದ್ದರು. ಕಾರಣ ಹುಡುಕುತ್ತಾ ಹೋದ ಮೆನ್ಜಿಸ್ ಕಂಡದ್ದು ಇದು: ರೋಗಿಯ ನೋವು, ಸಾವು ಹುಟ್ಟಿಸುವ ಕಳವಳವನ್ನು ತಡೆಯಲು ಆಸ್ಪತ್ರೆಯು ತನ್ನ ಸುತ್ತ ಒಂದು ಗೋಡೆ ಕಟ್ಟಿಕೊಂಡಿತ್ತು. ಒಬ್ಬ ನರ್ಸ್ ಒಬ್ಬ ರೋಗಿಯ ಪೂರ್ತಿ ಆರೈಕೆ ಮಾಡದಂತೆ ಕೆಲಸವನ್ನು ತುಂಡು ಮಾಡಲಾಗಿತ್ತು, ಒಬ್ಬರು ಎಲ್ಲರ ಜ್ವರ ನೋಡುವುದು, ಇನ್ನೊಬ್ಬರು ಎಲ್ಲರ ಹಾಸಿಗೆ ಸರಿಪಡಿಸುವುದು ಎಂಬಂತೆ. ರೋಗಿಗಳನ್ನು ಹೆಸರಿನಿಂದ ಕರೆಯದೆ ಹಾಸಿಗೆಯ ಸಂಖ್ಯೆ ಮತ್ತು ಕೆಟ್ಟ ಅಂಗದಿಂದ, ಹತ್ತನೆಯ ಹಾಸಿಗೆಯ ಪಿತ್ತಜನಕಾಂಗ ಎಂಬ ರೀತಿಯಲ್ಲಿ, ಗುರುತಿಸಲಾಗುತ್ತಿತ್ತು. ಯಾವ ವಾರ್ಡಿಗೂ ಅಂಟಿಕೊಳ್ಳದಂತೆ ವಿದ್ಯಾರ್ಥಿನಿಯರನ್ನು ಪದೇ ಪದೇ ಎತ್ತಂಗಡಿ ಮಾಡಲಾಗುತ್ತಿತ್ತು. ಸಣ್ಣ ತೀರ್ಮಾನವೂ ಒಂದು ಮೆಟ್ಟಿಲು ಮೇಲಕ್ಕೆ ಹೋಗಿ ಅಲ್ಲಿಂದ ಇನ್ನೊಂದು ಮೆಟ್ಟಿಲು ಹತ್ತುತ್ತಿತ್ತು.

ಈ ಗೋಡೆ ಕಳವಳವನ್ನು ತಡೆಯಲಿಲ್ಲ, ಕಳವಳದ ಜೊತೆಗೆ ಬೇಸರವನ್ನೂ ಸೇರಿಸಿತು ಎಂಬುದು ಮೆನ್ಜಿಸ್ ಅವರ ತೀರ್ಮಾನ. ಆರೈಕೆ ಮಾಡುವ ಹಂಬಲದಿಂದ ಬಂದವರಿಗೆ ಆರೈಕೆಯಿಂದ ಸಿಗಬಹುದಾದ ತೃಪ್ತಿಯೇ ಕೈತಪ್ಪಿ, ಹೆಚ್ಚು ಸೂಕ್ಷ್ಮ ಮನಸ್ಸಿನವರೇ ಮೊದಲು ಹೊರಟುಹೋಗುತ್ತಿದ್ದರು. ‘ಬೆಡ್ ನಂಬರ್ ಹನ್ನೆರಡರ ಅಟೆಂಡರ್ ಯಾರ್ರೀ?’ ಎಂಬ ಕೂಗು ಕರ್ನಾಟಕದ ಯಾವ ದೊಡ್ಡ ಆಸ್ಪತ್ರೆಯಲ್ಲಿಯೂ ದಿನಕ್ಕೆ ಹತ್ತು ಸಲ ಕೇಳಿಬರುತ್ತದೆ. ಅದನ್ನು ಕೂಗುವವರಿಗೆ ಹೃದಯವಿಲ್ಲವೆಂದು ದೂರುವ ಮುನ್ನ, ಹೆಸರುಗಳನ್ನು ನೆನಪಿಡಲು ಬೇಕಾದ ಸಮಯವನ್ನು ಏರ್ಪಾಡು ಅವರಿಗೆ ಕೊಟ್ಟಿದೆಯೇ ಎಂದು ಕೇಳುವುದು ನ್ಯಾಯ.

ಒತ್ತಡವನ್ನು ತಾಳಿಕೊಂಡು ಮುಂದೆ ಸಾಗುವ ಬಗೆಗಳಿಗೆ ಮನಶ್ಶಾಸ್ತ್ರದಲ್ಲಿ ನಿಭಾವಣೆ ಎಂಬ ಅರ್ಥದ ಪದವಿದೆ. ಲಾಜರಸ್ ಮತ್ತು ಫೋಕ್‌ಮನ್ ಅದನ್ನು ಎರಡಾಗಿ ವಿಂಗಡಿಸಿದರು. ಸಮಸ್ಯೆಯ ಮೇಲೆಯೇ ಕೈಯಿಕ್ಕಿ ಅದನ್ನು ಬದಲಿಸಲು ಯತ್ನಿಸುವುದು ಒಂದು; ಸಮಸ್ಯೆ ಇದ್ದಂತೆಯೇ ಇರಲಿ, ಅದರಿಂದ ಎದ್ದ ಭಾವನೆಯನ್ನು ತಣಿಸಿಕೊಳ್ಳುವುದು ಇನ್ನೊಂದು. ಡ್ಯೂಟಿ ರೂಮಿನಲ್ಲಿ ಹಂಚಿಕೊಂಡ ಬುತ್ತಿ, ರಾತ್ರಿ ಮೂರರ ಚಹಾ, ಹೊರಗಿನವರು ಕೇಳಿದರೆ ಬೆಚ್ಚಿಬೀಳುವಂತಹ ತಮಾಷೆ, ಪಾಳಿಗೆ ಮುನ್ನ ದೇವರ ಪಟಕ್ಕೆ ಮುಗಿಯುವ ಕೈ, ಇವೆಲ್ಲ ಎರಡನೆಯ ಬಗೆಗೆ ಸೇರಿದವು, ಮತ್ತು ಇವು ಹಗುರವಾದ ಸಂಗತಿಗಳಲ್ಲ. ಸಾವನ್ನು ಬದಲಿಸಲಾಗದಿದ್ದಾಗ ಮನಸ್ಸನ್ನು ಸಂತೈಸುವುದೊಂದೇ ವಿವೇಕದ ದಾರಿ. ತೊಡಕು ಇರುವುದು ಬದಲಿಸಬಹುದಾದ ಸಂಗತಿಗಳಿಗೂ ಇದೇ ದಾರಿಯನ್ನು ತೋರಿಸುವಲ್ಲಿ. ಪಾಳಿಯ ಪಟ್ಟಿಯ ಬಗ್ಗೆ ದನಿ ಎತ್ತಲು ಅವಕಾಶವಿಲ್ಲದ ನೌಕರರಿಗೆ ಧ್ಯಾನದ ಶಿಬಿರ ಏರ್ಪಡಿಸುವುದು ಸೋರುವ ಮಾಡಿನ ಕೆಳಗೆ ಕುಳಿತವರಿಗೆ ಟವೆಲ್ಲು ಕೊಟ್ಟಂತೆ. ಟವೆಲ್ಲು ಬೇಕು ನಿಜ, ಮಾಡು ಸರಿಪಡಿಸುವವರೂ ಬೇಕು. ಬೆಂಗಳೂರಿನ ನಿಮ್ಹಾನ್ಸ್ ಮುಖ್ಯ ಕೇಂದ್ರವಾಗಿ ನಡೆಸುವ, 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಎಂಬ ಮಾನಸಿಕ ಆರೋಗ್ಯ ಸಹಾಯವಾಣಿಗೆ 14416 ಸಂಖ್ಯೆಯಲ್ಲಿ ಯಾರು ಬೇಕಾದರೂ, ಆಸ್ಪತ್ರೆಯ ಸಿಬ್ಬಂದಿ ಕೂಡ, ಕರೆ ಮಾಡಬಹುದು. ಅದು ಒಳ್ಳೆಯ ಟವೆಲ್ಲು.

ಇನ್ನೂ ಒಂದು ಬಗೆಯ ನೋವು ಈ ವಿಂಗಡಣೆಗೆ ಸುಲಭವಾಗಿ ಸಿಗುವುದಿಲ್ಲ. ಏನು ಮಾಡುವುದು ಸರಿಯೆಂದು ಗೊತ್ತಿದ್ದೂ, ಹೊರಗಿನ ಅಡ್ಡಿಗಳಿಂದ ಅದನ್ನು ಮಾಡಲಾಗದಿದ್ದಾಗ ಹುಟ್ಟುವ ಸಂಕಟವನ್ನು ತತ್ತ್ವಶಾಸ್ತ್ರಜ್ಞ ಆ್ಯಂಡ್ರೂ ಜೇಮ್‌ಟನ್ 1984ರಲ್ಲಿ ನರ್ಸುಗಳನ್ನು ಕುರಿತ ತಮ್ಮ ಪುಸ್ತಕದಲ್ಲಿ ನೈತಿಕ ಸಂಕಟ ಎಂಬ ಅರ್ಥದ ಪದದಿಂದ ಹೆಸರಿಸಿದರು. ಹಾಸಿಗೆ ಇಲ್ಲವೆಂದು ಉಸಿರಾಡಲು ಒದ್ದಾಡುವವರನ್ನು ಬಾಗಿಲಿನಿಂದಲೇ ಹಿಂದೆ ಕಳಿಸಬೇಕಾಗಿ ಬಂದ, ಕೋವಿಡ್ ಎರಡನೆಯ ಅಲೆಯ 2021ರ ಎಪ್ರಿಲ್, ಮೇ ತಿಂಗಳುಗಳು ಕರ್ನಾಟಕದ ಸಾವಿರಾರು ಸಿಬ್ಬಂದಿಗೆ ಈ ಸಂಕಟವನ್ನು ಪದದ ಪರಿಚಯವಿಲ್ಲದೆಯೇ ಕಲಿಸಿದವು. ದಣಿವು ರಜೆಯಿಂದ ಕಳೆಯುತ್ತದೆ. ಇದು ಕಳೆಯುವುದಿಲ್ಲ, ಏಕೆಂದರೆ ಇಲ್ಲಿ ಗಾಯಗೊಂಡಿರುವುದು ದೇಹವಲ್ಲ, ತನ್ನ ವೃತ್ತಿಯ ಕುರಿತು ವ್ಯಕ್ತಿ ಇಟ್ಟುಕೊಂಡಿದ್ದ ನಂಬಿಕೆ. ಏರ್ಪಾಡಿನ ಕೊರತೆಯಿಂದ ರೋಗಿಯ ಮನೆಯವರಿಗೆ ಬಂದ ಸಿಟ್ಟು ಎದುರಿಗೆ ಸಿಕ್ಕ ಕಿರಿಯ ವೈದ್ಯರ ಮೇಲೆಯೋ ನರ್ಸಿನ ಮೇಲೆಯೋ ತಿರುಗುವುದು ಇದರ ಇನ್ನೊಂದು ಮುಖ. ಆಸ್ಪತ್ರೆಯ ಸಿಬ್ಬಂದಿಯ ಮೇಲಿನ ಹಲ್ಲೆಯನ್ನು ತಡೆಯಲು ಕರ್ನಾಟಕದಲ್ಲಿ 2009ರಿಂದಲೇ ಪ್ರತ್ಯೇಕ ಕಾಯ್ದೆ ಇದೆ. 2020ರಲ್ಲಿ ಸಾಂಕ್ರಾಮಿಕ ರೋಗಗಳ ಕಾಯ್ದೆಗೆ ತಿದ್ದುಪಡಿ ತಂದು ಕೇಂದ್ರವೂ ಶಿಕ್ಷೆಯನ್ನು ಕಠಿಣಗೊಳಿಸಿತು. 2024ರ ಆಗಸ್ಟಿನಲ್ಲಿ ಕೋಲ್ಕತ್ತದಲ್ಲಿ ಪಾಳಿಯಲ್ಲಿದ್ದ ತರಬೇತಿ ವೈದ್ಯೆಯ ಹತ್ಯೆಯಾದ ಮೇಲೆ ಸುಪ್ರೀಂ ಕೋರ್ಟ್ ರಾಷ್ಟ್ರೀಯ ಕಾರ್ಯಪಡೆಯೊಂದನ್ನು ನೇಮಿಸಿದಾಗ, ಚರ್ಚೆಗೆ ಬಂದ ಸಂಗತಿಗಳಲ್ಲಿ ವಿಶ್ರಾಂತಿ ಕೊಠಡಿ, ಶೌಚಾಲಯ, ರಾತ್ರಿ ಮನೆಗೆ ಮರಳುವ ವಾಹನದಂತಹ ತೀರಾ ಸಾಮಾನ್ಯ ಬೇಡಿಕೆಗಳಿದ್ದವು.

ಒಬ್ಬರಿಂದ ಹೊರಲಾಗದ ಭಾರವನ್ನು ಹಲವರು ಹೊರಬಹುದೆಂಬುದು ತಂಡದ ಮೂಲಭೂತ ತರ್ಕ. ಆದರೆ ಒಂದೇ ಕೋಣೆಯಲ್ಲಿ ಒಂದೇ ರೋಗಿಯ ಸುತ್ತ ನಿಂತವರೆಲ್ಲ ತಂಡವಾಗಿಬಿಡುವುದಿಲ್ಲ. 2005ರಲ್ಲಿ ಇಂಗ್ಲೆಂಡಿನಲ್ಲಿ ಮಾರ್ಟಿನ್ ಬ್ರೊಮಿಲಿ ಎಂಬ ವಿಮಾನ ಚಾಲಕರ ಪತ್ನಿ ಮೂಗಿನ ಸೈನಸ್‌ನ ಸಾಮಾನ್ಯ ಶಸ್ತ್ರಚಿಕಿತ್ಸೆಗೆಂದು ದಾಖಲಾದಾಗ, ಅರಿವಳಿಕೆ ಕೊಟ್ಟ ಬಳಿಕ ಶ್ವಾಸನಾಳಕ್ಕೆ ಕೊಳವೆ ಹೋಗಲಿಲ್ಲ, ಉಸಿರು ಸಾಗಲಿಲ್ಲ. ಅಂತಹ ಹೊತ್ತಿನಲ್ಲಿ ಕತ್ತಿನ ಮುಂಭಾಗದಲ್ಲಿ ರಂಧ್ರ ಮಾಡಿ ಗಾಳಿ ಕೊಡಬೇಕೆಂಬ ನಿಯಮವಿದ್ದರೂ, ಅಲ್ಲಿದ್ದ ಮೂವರು ಅನುಭವಿ ವೈದ್ಯರು ಕೊಳವೆ ಹಾಕುವ ಯತ್ನದಲ್ಲಿಯೇ ಮುಳುಗಿ ಸಮಯದ ಪರಿವೆ ಕಳೆದುಕೊಂಡರು. ನರ್ಸೊಬ್ಬರು ಕತ್ತಿನ ಶಸ್ತ್ರಕ್ರಿಯೆಗೆ ಬೇಕಾದ ಸಲಕರಣೆಗಳನ್ನು ತಂದು, ತಂದಿರುವುದಾಗಿ ಹೇಳಿದರು. ಇನ್ನೊಬ್ಬರು ಐಸಿಯುವಿನಲ್ಲಿ ಹಾಸಿಗೆ ಕಾದಿರಿಸಿ ಬಂದು ತಿಳಿಸಿದರು, ವೈದ್ಯರ ಮುಖಭಾವ ಕಂಡು ತಾವೇ ಅತಿಯಾಗಿ ಗಾಬರಿಗೊಂಡೆವೇನೋ ಎಂದುಕೊಂಡು ಆ ಹಾಸಿಗೆಯನ್ನು ರದ್ದುಪಡಿಸಿದರು. ರೋಗಿಗೆ ಮತ್ತೆ ಪ್ರಜ್ಞೆ ಮರಳಲಿಲ್ಲ. ಏನಾಗಬೇಕಿತ್ತೆಂದು ತಮಗೆ ತಿಳಿದಿತ್ತು, ಆದರೆ ಅದನ್ನು ಹೇಗೆ ಹೇಳಬೇಕೆಂದು ತಿಳಿಯಲಿಲ್ಲ ಎಂದು ನರ್ಸುಗಳು ಆಮೇಲಿನ ವಿಚಾರಣೆಯಲ್ಲಿ ಹೇಳಿದರು.

ಬ್ರೊಮಿಲಿ ಅವರು ವೈದ್ಯರನ್ನು ದಂಡಿಸಬೇಕೆಂದು ಹೊರಡದೆ, ತಮ್ಮ ವೃತ್ತಿ ಕಲಿತ ಪಾಠವನ್ನು ಆಸ್ಪತ್ರೆಗಳಿಗೆ ಮುಟ್ಟಿಸಲು ಹೊರಟರು. 1977ರಲ್ಲಿ ಟೆನೆರೀಫ್ ದ್ವೀಪದ ರನ್‌ವೇಯಲ್ಲಿ ಎರಡು ಜಂಬೋ ವಿಮಾನಗಳು ಡಿಕ್ಕಿ ಹೊಡೆದು 583 ಜನ ಸತ್ತಾಗ, ರನ್‌ವೇ ಇನ್ನೂ ತೆರವಾಗಿಲ್ಲದಿರಬಹುದೆಂಬ ಅನುಮಾನ ಕಾಕ್‌ಪಿಟ್ಟಿನಲ್ಲಿ ಕಿರಿಯರೊಬ್ಬರ ಬಾಯಿಂದ ಬಂದಿತ್ತು. ಹಿರಿಯ ಕ್ಯಾಪ್ಟನ್ ಅದನ್ನು ಬದಿಗೆ ಸರಿಸಿದ್ದರು. ಆ ಬಳಿಕದ ವರ್ಷಗಳಲ್ಲಿ ವಿಮಾನಯಾನ ಕ್ಷೇತ್ರವು ಕಿರಿಯರಿಗೆ ಎಚ್ಚರಿಸುವುದನ್ನೂ ಹಿರಿಯರಿಗೆ ಆ ಎಚ್ಚರಿಕೆಯನ್ನು ಕೇಳಿಸಿಕೊಳ್ಳುವುದನ್ನೂ ವ್ಯವಸ್ಥಿತವಾಗಿ ಕಲಿಸತೊಡಗಿತು. ಅದೇ ಬಗೆಯ ಚಿಂತನೆಯ ಫಲವಾಗಿ 2008ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹೊರತಂದ ಶಸ್ತ್ರಚಿಕಿತ್ಸೆಯ ತಾಳೆಪಟ್ಟಿಯಲ್ಲಿ 19 ಅಂಶಗಳಿದ್ದು, ಅರಿವಳಿಕೆಗೆ ಮುನ್ನ, ಕೊಯ್ಯುವ ಮುನ್ನ, ರೋಗಿಯನ್ನು ಹೊರಗೆ ಒಯ್ಯುವ ಮುನ್ನ ಎಲ್ಲರೂ ಒಂದು ಗಳಿಗೆ ನಿಂತು ಅವುಗಳನ್ನು ಗಟ್ಟಿಯಾಗಿ ಹೇಳಿ ಖಚಿತಪಡಿಸಿಕೊಳ್ಳಬೇಕು. ನವದೆಹಲಿಯೂ ಸೇರಿದಂತೆ ಎಂಟು ನಗರಗಳ ಎಂಟು ಆಸ್ಪತ್ರೆಗಳಲ್ಲಿ ಇದನ್ನು ಪರೀಕ್ಷಿಸಿದಾಗ ಸಾವಿನ ಪ್ರಮಾಣ ಶೇ 1.5ರಿಂದ 0.8ಕ್ಕೆ ಇಳಿಯಿತೆಂದು 2009ರಲ್ಲಿ ವರದಿಯಾಯಿತು. ಆ 19 ಅಂಶಗಳಲ್ಲಿ ಒಂದು, ಕೋಣೆಯಲ್ಲಿರುವ ಪ್ರತಿಯೊಬ್ಬರೂ ತಮ್ಮ ಹೆಸರು ಮತ್ತು ಕೆಲಸವನ್ನು ಹೇಳಿ ಪರಿಚಯಿಸಿಕೊಳ್ಳಬೇಕೆಂಬುದು. ನೋಡಲು ಉಪಚಾರದಂತಿರುವ ಈ ನಿಯಮದ ಹಿಂದಿನ ಅರಿವು ಸರಳವಾದದ್ದು: ಒಮ್ಮೆ ಬಾಯಿಬಿಟ್ಟವರು ಅಗತ್ಯ ಬಿದ್ದಾಗ ಮತ್ತೊಮ್ಮೆ ಬಾಯಿಬಿಡುತ್ತಾರೆ. ಕೆನಡಾದ ಒಂಟಾರಿಯೊದಲ್ಲಿ ಇದೇ ಪಟ್ಟಿಯನ್ನು ಕಡ್ಡಾಯಗೊಳಿಸಿದ ನಂತರ 101 ಆಸ್ಪತ್ರೆಗಳ ದಾಖಲೆ ನೋಡಿದಾಗ, 2014ರ ವರದಿಯಂತೆ, ಸಾವಿನ ಪ್ರಮಾಣದಲ್ಲಿ ಗಣನೀಯ ಇಳಿಕೆ ಕಾಣಲಿಲ್ಲ. ಆದೇಶದ ಮೇರೆಗೆ ಹಾಕಿದ ಗುರುತು ಕಾಗದದ ಮೇಲೆ ಬೀಳುತ್ತದೆ, ಮಾತಾಗುವುದಿಲ್ಲ ಎಂಬುದೇ ಇದಕ್ಕೆ ಕಾರಣವೆಂದು ಹಲವರು ವಾದಿಸಿದ್ದಾರೆ.

ಮಾತಾಡುವ ಧೈರ್ಯ ತಂಡಕ್ಕೆ ಎಲ್ಲಿಂದ ಬರುತ್ತದೆ ಎಂಬುದನ್ನು ವಿವರಿಸಿದ್ದು ಹಾರ್ವರ್ಡಿನ ಏಮಿ ಎಡ್ಮಂಡ್‌ಸನ್. ಒಳ್ಳೆಯ ತಂಡಗಳಲ್ಲಿ ಔಷಧ ಕೊಡುವಾಗಿನ ತಪ್ಪುಗಳು ಕಡಿಮೆ ಇರುತ್ತವೆಂಬ ನಿರೀಕ್ಷೆಯಿಂದ ಅವರು ಆಸ್ಪತ್ರೆಗಳ ಘಟಕಗಳನ್ನು ಹೋಲಿಸಿದಾಗ, ಲೆಕ್ಕ ತಿರುವುಮುರುವಾಗಿ ಬಂತು. ಒಳ್ಳೆಯ ತಂಡಗಳಲ್ಲಿಯೇ ದಾಖಲಾದ ತಪ್ಪುಗಳು ಹೆಚ್ಚಿದ್ದವು. ಅವು ಹೆಚ್ಚು ತಪ್ಪು ಮಾಡುತ್ತಿರಲಿಲ್ಲ, ಮಾಡಿದ ತಪ್ಪನ್ನು ಮುಚ್ಚಿಡದೆ ಹೇಳುತ್ತಿದ್ದವು ಎಂಬುದು ಆಮೇಲೆ ತಿಳಿಯಿತು. ಪ್ರಶ್ನೆ ಕೇಳಿದರೆ, ತಪ್ಪು ಒಪ್ಪಿಕೊಂಡರೆ ಅವಮಾನವಾಗದು ಎಂಬ ಈ ಸಾಮೂಹಿಕ ನಂಬಿಕೆಯನ್ನು ಎಡ್ಮಂಡ್‌ಸನ್ 1999ರಲ್ಲಿ ಮಾನಸಿಕ ಸುರಕ್ಷತೆ ಎಂಬ ಅರ್ಥದ ಪದದಿಂದ ಕರೆದರು. ತಪ್ಪು ಮಾಡಿದ ವೈದ್ಯರೂ ಒಳಗೊಳಗೇ ಕುಸಿಯುತ್ತಾರೆಂಬುದನ್ನು ಮನಗಂಡ ಆಲ್ಬರ್ಟ್ ವೂ ಎಂಬ ಅಮೆರಿಕನ್ ವೈದ್ಯರು 2000ದಲ್ಲಿ ಅವರನ್ನು ಎರಡನೆಯ ಬಲಿಪಶುಗಳೆಂದು ಕರೆದದ್ದೂ ಇದಕ್ಕೆ ಹೊಂದುವಂಥದ್ದು, ಮೊದಲನೆಯ ಬಲಿಪಶು ರೋಗಿಯೆಂಬುದನ್ನು ಮರೆಯದಿದ್ದರೆ.

ಕನ್ನಡದ ವಾರ್ಡುಗಳಲ್ಲಿ ಈ ಸುರಕ್ಷತೆಗೆ ಭಾಷೆಯೇ ಒಂದು ಪರೀಕ್ಷೆ. ವೈದ್ಯರು ‘ಸರ್’, ‘ಮೇಡಂ’ ಆಗಿರುತ್ತಾರೆ, ನರ್ಸ್ ‘ಸಿಸ್ಟರ್’ ಆಗಿರುತ್ತಾರೆ; ಸ್ಟ್ರೆಚರ್ ತಳ್ಳುವ, ನೆಲ ಒರೆಸುವ ಡಿ ಗ್ರೂಪ್ ನೌಕರರು ವಯಸ್ಸಿನಲ್ಲಿ ಎಲ್ಲರಿಗಿಂತ ಹಿರಿಯರಾಗಿದ್ದರೂ ಬಹಳ ಕಡೆ ‘ನೀನು’ ಆಗಿಯೇ ಉಳಿಯುತ್ತಾರೆ. ‘ನೀನು’ ಎಂದು ಕರೆಸಿಕೊಂಡವರು ‘ನೀವು’ ಎಂದು ಕರೆಯಬೇಕಾದವರ ತಪ್ಪನ್ನು ತೋರಿಸುವುದು ಹೇಗೆ? ಹಾಸಿಗೆಯ ಪಕ್ಕ ಅತಿ ಹೆಚ್ಚು ಹೊತ್ತು ಕಳೆಯುವವರು, ರೋಗಿ ರಾತ್ರಿಯಿಡೀ ನರಳಿದ್ದನ್ನು ಕಂಡವರು ಬಹುಶಃ ಅವರೇ. ಇದರ ಮೇಲೆ ಇನ್ನೊಂದು ಪದರವಿದೆ: ಬೆಂಗಳೂರಿನಂತಹ ಊರಿನ ಆಸ್ಪತ್ರೆಯಲ್ಲಿ ಸ್ನಾತಕೋತ್ತರ ವಿದ್ಯಾರ್ಥಿ ಹಿಂದಿ ಸೀಮೆಯಿಂದ ಬಂದಿರಬಹುದು, ನರ್ಸ್ ಕೇರಳದವರಿರಬಹುದು, ರೋಗಿ ರಾಯಚೂರಿನ ಹಳ್ಳಿಯವರು. ಆಗ ಹೊಟ್ಟೆ ‘ಕಡಿಯುತ್ತದೆ’ ಎಂಬುದಕ್ಕೂ ‘ಉರಿಯುತ್ತದೆ’ ಎಂಬುದಕ್ಕೂ ಇರುವ ವ್ಯತ್ಯಾಸವನ್ನು ವೈದ್ಯರಿಗೆ ದಾಟಿಸುವವರು ಅದೇ ಡಿ ಗ್ರೂಪ್ ನೌಕರರು. ಈ ದುಭಾಷಿಯ ಕೆಲಸ ಯಾರ ಹುದ್ದೆಯ ವಿವರಣೆಯಲ್ಲಿಯೂ ಇಲ್ಲ. ಪಾಳಿ ಬದಲಾಗುವಾಗ ವಿಷಯ ಒಪ್ಪಿಸುವುದಕ್ಕೆ ಅಮೆರಿಕದ ನೌಕಾಪಡೆಯಿಂದ ಆಸ್ಪತ್ರೆಗಳಿಗೆ ಬಂದ ಒಂದು ಕ್ರಮವಿದೆ. ಈಗಿನ ಸ್ಥಿತಿ, ಹಿನ್ನೆಲೆ, ಹೇಳುವವರ ಅಂದಾಜು, ಅವರ ಸಲಹೆ ಎಂಬ ನಾಲ್ಕು ಮೆಟ್ಟಿಲುಗಳ ಕ್ರಮ ಅದು. ಅದರಲ್ಲಿ ಮೊದಲ ಎರಡು ಎಲ್ಲೆಡೆ ನಡೆಯುತ್ತವೆ. ಕೊನೆಯ ಎರಡರಲ್ಲಿಯೇ ಅದರ ನಿಜವಾದ ಬಲವಿರುವುದು, ಏಕೆಂದರೆ ಹೀಗೆ ಮಾಡಿದರೆ ಒಳ್ಳೆಯದು ಎಂದು ವೈದ್ಯರಿಗೆ ಹೇಳುವ ಅಧಿಕಾರವನ್ನು ಅವು ನರ್ಸಿಗೆ ಕೊಡುತ್ತವೆ.

ಆಸ್ಪತ್ರೆಯ ಗೋಡೆಗಳಾಚೆಗೆ ದುಡಿಯುವವರನ್ನು ಬಿಟ್ಟರೆ ಈ ಚಿತ್ರ ಪೂರ್ಣವಾಗದು. ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನದೊಂದಿಗೆ 2005ರಲ್ಲಿ ಆರಂಭವಾದ ಆಶಾ ವ್ಯವಸ್ಥೆಯಲ್ಲಿ ಸುಮಾರು ಸಾವಿರ ಜನಸಂಖ್ಯೆಗೆ ಒಬ್ಬರಂತೆ ಕರ್ನಾಟಕದಲ್ಲಿ 42,000ದಷ್ಟು ಮಹಿಳೆಯರು ಮನೆಮನೆಗೆ ಹೋಗಿ ಗರ್ಭಿಣಿಯರ, ಬಾಣಂತಿಯರ, ಮಕ್ಕಳ ಲೆಕ್ಕ ಇಡುತ್ತಾರೆ. ದಾಖಲೆಯಲ್ಲಿ ಅವರು ನೌಕರರಲ್ಲ, ಕಾರ್ಯಕರ್ತೆಯರು. ಅವರಿಗೆ ಸಿಗುವುದು ಸಂಬಳವಲ್ಲ, ಗೌರವಧನ ಮತ್ತು ಕೆಲಸಕ್ಕೆ ತಕ್ಕ ಪ್ರೋತ್ಸಾಹಧನ. ಜರ್ಮನಿಯ ಯೋಹಾನೆಸ್ ಸೀಗ್ರಿಸ್ಟ್ 1996ರಲ್ಲಿ ಮಂಡಿಸಿದ ಸಿದ್ಧಾಂತದ ಪ್ರಕಾರ, ಹಾಕಿದ ದುಡಿಮೆಗೂ ಪಡೆದ ಪ್ರತಿಫಲಕ್ಕೂ ಹೊಂದಿಕೆಯಾಗದಿದ್ದಾಗ ಒತ್ತಡ ರೋಗವಾಗಿ ಮಾರ್ಪಡುತ್ತದೆ, ಮತ್ತು ಪ್ರತಿಫಲವೆಂದರೆ ಹಣ, ಮನ್ನಣೆ, ಕೆಲಸದ ಭದ್ರತೆ ಮೂರೂ ಸೇರಿದ್ದು. ಕೋವಿಡ್ ಕಾಲದಲ್ಲಿ ಸೋಂಕಿತರ ಮನೆಬಾಗಿಲಿಗೆ ಮೊದಲು ಹೋದವರು ಆಶಾ ಕಾರ್ಯಕರ್ತೆಯರು. ಮಾಹಿತಿ ಕೇಳಲು ಹೋದ ಕೆಲವರ ಮೇಲೆ ಬೆಂಗಳೂರಿನಲ್ಲಿಯೇ ಹಲ್ಲೆಯೂ ನಡೆಯಿತು. ಮೂರು ಪ್ರತಿಫಲಗಳಲ್ಲಿ ಮನ್ನಣೆ ಅವರಿಗೆ ಧಾರಾಳವಾಗಿ ದೊರೆಯಿತು: ಚಪ್ಪಾಳೆ ಸಿಕ್ಕಿತು, 2022ರ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಜಾಗತಿಕ ಪ್ರಶಸ್ತಿಯೂ ದೇಶದ ಎಲ್ಲ ಆಶಾಗಳಿಗೆ ಸಂದಿತು.

ಅದಕ್ಕೂ ಮುನ್ನ, 2020ರ ಜುಲೈಯಲ್ಲಿ, ಸೋಂಕು ಏರುತ್ತಿದ್ದ ದಿನಗಳಲ್ಲಿಯೇ, ತಿಂಗಳಿಗೆ 12,000 ರೂಪಾಯಿಗಳ ನಿಶ್ಚಿತ ಗೌರವಧನ ಮತ್ತು ಸಾಕಷ್ಟು ರಕ್ಷಣಾ ಸಾಮಗ್ರಿ ಬೇಕೆಂದು ರಾಜ್ಯದ ಆಶಾಗಳು ಕೆಲಸ ನಿಲ್ಲಿಸಿದ್ದರು. 2025ರ ಜನವರಿಯ ಚಳಿಯಲ್ಲಿ ಅವರು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಮತ್ತೆ ಹಗಲಿರುಳು ಧರಣಿ ಕುಳಿತರು. ಆರೋಗ್ಯ ಸಿಬ್ಬಂದಿ ಬೀದಿಗಿಳಿಯುವುದು ಸೇವಾಧರ್ಮಕ್ಕೆ ಸಲ್ಲದು ಎಂಬ ಆಕ್ಷೇಪ ಆಗಲೂ ಕೇಳಿಬಂತು. ಲಾಜರಸ್ ಮತ್ತು ಫೋಕ್‌ಮನ್ ಅವರ ವಿಂಗಡಣೆಯ ಕಣ್ಣಿನಿಂದ ನೋಡಿದರೆ ಧರಣಿಯು ಸಮಸ್ಯೆಯ ಮೇಲೆಯೇ ಕೈಯಿಕ್ಕುವ ನಿಭಾವಣೆ. ಹಳ್ಳಿಯೊಂದರಲ್ಲಿ ಒಬ್ಬರೇ ಆಶಾ, ಪ್ರಾಥಮಿಕ ಆರೋಗ್ಯ ಕೇಂದ್ರದ ಮೇಜಿನ ಮುಂದೆ ನಿಂತು ಕಳೆದ ತಿಂಗಳ ಪ್ರೋತ್ಸಾಹಧನ ಏಕೆ ಬರಲಿಲ್ಲವೆಂದು ಕೇಳಿದಾಗ ಮುಂದಿನ ತಿಂಗಳು ನೋಡೋಣ ಎಂಬ ಉತ್ತರ ಪಡೆದು ಮರಳಬೇಕಾಗುತ್ತದೆ. ಅದೇ ಪ್ರಶ್ನೆಯನ್ನು ಸಾವಿರಾರು ಮಂದಿ ಒಂದೇ ಬಣ್ಣದ ಸೀರೆಯುಟ್ಟು ರಾಜಧಾನಿಯಲ್ಲಿ ಕುಳಿತು ಕೇಳಿದಾಗ, ನಾಲ್ಕನೆಯ ದಿನ ಮಾತುಕತೆಗೆ ಕರೆ ಬಂತು.